ಮನೆಯ ದುಡಿತ, ನಾಡಿನ ದುಡಿತ: ಕಯ್ಯಾರರ ಬದುಕಿನತ್ತ ಒಂದು ಹಿನ್ನೋಟ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಸ್ಥಾಪಕರನ್ನೂ ದಾನಿಗಳನ್ನೂ ನಿವೃತ್ತ ಅಧ್ಯಾಪಕರನ್ನೂ ನೆನೆಯುವುದು ರೂಢಿ. ಈ ಸಂಚಿಕೆಯ ಬೇರೆ ಪುಟಗಳಲ್ಲಿ ಆ ಕಾರ್ಯ ನಡೆದಿದೆ. ಇಲ್ಲಿ ನಾವು ನೆನೆಯಲು ಹೊರಟಿರುವುದು ನಮ್ಮ ಶಾಲೆಯಲ್ಲಿ ಪಾಠ ಹೇಳದ ಒಬ್ಬ ಅಧ್ಯಾಪಕರನ್ನು. ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರಲ್ಲ. ಆದರೂ ಕಾಸರಗೋಡಿನ ಕನ್ನಡ ಶಾಲೆಯೊಂದು ನೂರು ವರ್ಷ ಬಾಳಿದ್ದು ಹೇಗೆ ಎಂದು ಕೇಳಿಕೊಂಡಾಗಲೆಲ್ಲ ನಮ್ಮ ಮನಸ್ಸು ಅವರ ಬದುಕಿನತ್ತ ಹೊರಳುತ್ತದೆ. ಸಮಾಜಸೇವೆ ಮತ್ತು ಸಂಸಾರ ಎರಡನ್ನೂ ಒಂದೇ ಅಂಗಳದಲ್ಲಿ ನಡೆಸಿದ ಬದುಕು ಅದು. ನಮ್ಮಂಥ ಶಾಲೆಗಳ ಅಡಿಪಾಯವೂ ಅಂಥದೇ ಅಂಗಳಗಳಲ್ಲಿದೆ ಎಂಬುದು ಈ ಬರಹದ ತಾತ್ಪರ್ಯ.

ಕಿಞ್ಞಣ್ಣ ರೈಗಳು ಹುಟ್ಟಿದ್ದು 1915ರ ಜೂನ್ 8ರಂದು, ಕಯ್ಯಾರು ಗ್ರಾಮದಲ್ಲಿ. ಅಂದು ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮನೆಯ ಮಾತು ತುಳು, ಶಾಲೆಯ ಮಾತು ಕನ್ನಡ. ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜಿನಲ್ಲಿ ಅವರಿಗೆ ಸಂಸ್ಕೃತದ ಪಾಠವೂ ದೊರೆಯಿತು. ಹನ್ನೆರಡನೆಯ ವಯಸ್ಸಿನಲ್ಲಿಯೇ 'ಸುಶೀಲಾ' ಎಂಬ ಕೈಬರಹದ ಪತ್ರಿಕೆಯನ್ನು ಹೊರತಂದರೆಂಬುದು ಅವರ ಬಾಲ್ಯದ ಪ್ರಸಿದ್ಧ ಸಂಗತಿ. ಸುಮಾರು ಅದೇ ವರ್ಷಗಳಲ್ಲಿ ನಮ್ಮ ಶಾಲೆಯೂ ಮುಳಿಹುಲ್ಲಿನ ಮಾಡಿನ ಕೆಳಗೆ ತನ್ನ ಮೊದಲ ಅಕ್ಷರಗಳನ್ನು ತಿದ್ದಿಸುತ್ತಿತ್ತು. ಹೀಗೆ ಆ ಹುಡುಗನೂ ಈ ಶಾಲೆಯೂ ಒಂದೇ ಕಾಲದ ಕೂಸುಗಳು.

ಆ ಕಾಲದಲ್ಲಿ ನಮ್ಮ ಊರುಗಳ ಶಾಲೆಗಳು ಹುಟ್ಟಿಕೊಂಡ ಬಗೆಯನ್ನು ಇಂದಿನ ರಕ್ಷಕರು ತಿಳಿದಿರುವುದು ಒಳ್ಳೆಯದು. ಊರಿನ ಒಬ್ಬ ಹಿರಿಯರು ಸ್ಥಳ ಕೊಡುವರು. ಇನ್ನೊಬ್ಬರು ಮರ ಕೊಡುವರು. ಮತ್ತೊಬ್ಬರು ವರ್ಷಕ್ಕೊಮ್ಮೆ ಮಾಡಿಗೆ ಹುಲ್ಲು ಹೊದೆಸುವ ಹೊಣೆ ಹೊರುವರು. ಐಗಳ ಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದುತ್ತಿದ್ದ ಮಕ್ಕಳು ಹಾಗೆ ಶಾಲೆಯ ಮಕ್ಕಳಾದರು. ಸರಕಾರದ ಮಾನ್ಯತೆ, ಅನುದಾನ ಎಲ್ಲ ಅನಂತರದ ಮಾತು. ಮೊದಲು ಇದ್ದುದು ಕೆಲವು ಮನೆಗಳ ನಿರ್ಧಾರ. ನಮ್ಮ ಹಳೆಯ ದಾಖಲಾತಿ ರಿಜಿಸ್ಟರಿನ ಮೊದಲ ಪುಟಗಳನ್ನು ತಿರುವಿದರೆ ಹೆಸರುಗಳೇ ಒಂದು ಇತಿಹಾಸವನ್ನು ಹೇಳುತ್ತವೆ. ತುಳು ಮಾತಾಡುವ ಮನೆಯ ಮಕ್ಕಳು, ಹವ್ಯಕ ಕನ್ನಡದ ಮಕ್ಕಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮನೆಮಾತಿನವರು, ಎಲ್ಲರೂ ಅಲ್ಲಿದ್ದಾರೆ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ಹೊಗಳುವುದುಂಟು. ಆ ರಿಜಿಸ್ಟರಿನಲ್ಲಿ ಅದು ಹೊಗಳಿಕೆಯಲ್ಲ, ದಿನನಿತ್ಯದ ವಾಸ್ತವ. ಬೇರೆ ಬೇರೆ ಮನೆಗಳಿಂದ ಬಂದವರೆಲ್ಲ ಕುಳಿತುಕೊಳ್ಳುತ್ತಿದ್ದ ಚಾವಡಿ ಕನ್ನಡವಾಗಿತ್ತು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರರ ಮನೆಮಾತು ತುಳು. ಇಬ್ಬರೂ ಕನ್ನಡದ ಕವಿಗಳಾದರು. 1949ರಲ್ಲಿ ಮದರಾಸು ಸರಕಾರ ಗೋವಿಂದ ಪೈಗಳಿಗೆ ರಾಷ್ಟ್ರಕವಿ ಪದವಿಯನ್ನಿತ್ತಾಗ ಗೌರವ ಸಂದದ್ದು ಈ ಚಾವಡಿಗೂ ಹೌದು. ಆ ಹಿರಿಯರ ಬದುಕನ್ನು ಗ್ರಂಥರೂಪಕ್ಕೆ ತಂದವರಲ್ಲಿ ಕಯ್ಯಾರರೂ ಒಬ್ಬರು.

ಯೌವನದಲ್ಲಿ ಕಯ್ಯಾರರು ಗಾಂಧೀಜಿಯವರ ಮಾರ್ಗಕ್ಕೆ ಒಲಿದು ಸ್ವಾತಂತ್ರ್ಯ ಚಳವಳಿಗೆ ಇಳಿದರು, ಪತ್ರಿಕೆಗಳಲ್ಲಿ ದುಡಿದರು, ಕಾರ್ಮಿಕರ ಸಂಘಟನೆಯಲ್ಲಿಯೂ ಕೈಗೂಡಿಸಿದರು. ಅಸ್ಪೃಶ್ಯತೆಯನ್ನು ಬಾಯಿಮಾತಿನಲ್ಲಿ ಖಂಡಿಸಿ ಸುಮ್ಮನಾಗದೆ, ನಮ್ಮ ಸೀಮೆಯಲ್ಲಿ ಅತ್ಯಂತ ಕೆಳಗೆ ತುಳಿಯಲ್ಪಟ್ಟ ಕೊರಗ ಸಮುದಾಯದ ಹೆಸರನ್ನೇ ತಮ್ಮ ಕವಿತಾ ಸಂಕಲನವೊಂದಕ್ಕೆ ಇಟ್ಟರು. ಅನಂತರ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿ ನೆಲೆನಿಂತರು. ತರಗತಿಯ ಮಕ್ಕಳಿಗೆ ಬೇಕಾದ ಪುಸ್ತಕಗಳನ್ನು ತಾವೇ ಬರೆದರು. 'ನವೋದಯ ವಾಚನಮಾಲೆ'ಯ ಪಾಠಪುಸ್ತಕಗಳು, ವ್ಯಾಕರಣ ಮತ್ತು ಪ್ರಬಂಧ ಪಾಠಗಳು, ಮಕ್ಕಳ ಪದ್ಯಗಳು ಹಾಗೆ ಹುಟ್ಟಿದವು. ದೊಡ್ಡ ಕವಿಯೆನಿಸಿಕೊಂಡವರು ಮೂರನೆಯ ತರಗತಿಯ ಮಗುವಿಗಾಗಿ ಕುಳಿತು ಬರೆಯುವುದು ಸಣ್ಣ ಕೆಲಸವಲ್ಲ. ಪಾಠಪುಸ್ತಕ ಸಮಯಕ್ಕೆ ಕೈಸೇರದೆ ಪರದಾಡಿದ ಅನುಭವ ಗಡಿನಾಡಿನ ಪ್ರತಿಯೊಬ್ಬ ಅಧ್ಯಾಪಕರಿಗೂ ಇದೆ. ಆದ್ದರಿಂದ ಆ ಕೆಲಸದ ಬೆಲೆಯನ್ನು ನಾವು ಬಲ್ಲೆವು.

ಬದಿಯಡ್ಕದ ಸಮೀಪ ಕಳ್ಳಕಳಿಯದಲ್ಲಿ ಅವರು ಕಟ್ಟಿಕೊಂಡ ಮನೆಯ ಹೆಸರು 'ಕವಿತಾ ಕುಟೀರ'. ಮನೆಯ ಜೊತೆಗೆ ಕೃಷಿಯಿತ್ತು. ಮಕ್ಕಳು ಮೊಮ್ಮಕ್ಕಳಿಂದ ತುಂಬಿದ ಸಂಸಾರವಿತ್ತು. ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ದೀರ್ಘಕಾಲ ಊರಿನ ಹೊಣೆಯನ್ನೂ ಹೊತ್ತರು. ಶಾಲೆ, ತೋಟ, ಪಂಚಾಯತು, ಸಾಹಿತ್ಯ, ಸಂಸಾರ, ಇವುಗಳಲ್ಲಿ ಯಾವುದನ್ನೂ ಇನ್ನೊಂದಕ್ಕಾಗಿ ಬಿಟ್ಟುಕೊಟ್ಟವರಲ್ಲ ಅವರು. ತಮ್ಮ ಆತ್ಮಕಥನಕ್ಕೆ ಅವರಿಟ್ಟ ಹೆಸರು 'ದುಡಿತವೇ ನನ್ನ ದೇವರು'. 'ದುಡಿತ' ಎಂಬ ಮಾತಿನ ಆಯ್ಕೆಯನ್ನು ಗಮನಿಸಬೇಕು. ಸೇವೆ, ತ್ಯಾಗ, ಸಾಧನೆ ಮುಂತಾದ ದೊಡ್ಡ ಶಬ್ದಗಳು ಅವರಿಗೆ ಸುಲಭವಾಗಿಯೇ ದೊರೆಯುತ್ತಿದ್ದವು. ಅವರು ಆರಿಸಿಕೊಂಡದ್ದು ಗದ್ದೆಯಲ್ಲಿ ನೇಜಿ ನೆಡುವವರೂ ತೋಟದಲ್ಲಿ ಅಡಿಕೆ ಹೆಕ್ಕುವವರೂ ಬಳಸುವ ಶಬ್ದವನ್ನು. ಹೊರಗಿನ ಸೇವೆಯೊಂದು, ಮನೆಯ ಕೆಲಸ ಇನ್ನೊಂದು ಎಂಬ ವಿಭಾಗವನ್ನೇ ಆ ಶಬ್ದ ಒಪ್ಪುವುದಿಲ್ಲ.

ಈ ಮಾತನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಸಾರ್ವಜನಿಕ ವ್ಯಕ್ತಿಗಳ ಚರಿತ್ರೆಯಲ್ಲಿ ಸಭೆ, ಭಾಷಣ, ಮನವಿ, ಸತ್ಯಾಗ್ರಹಗಳ ತಾರೀಕುಗಳು ದಾಖಲಾಗುತ್ತವೆ. ಆ ಸಭೆಯ ದಿನ ಮನೆಯ ಕರುವಿಗೆ ಹುಲ್ಲು ಹಾಕಿದವರು ಯಾರು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಮಳೆ ಬರುವ ಮುನ್ನ ಒಳಗೆ ಸೇರಿಸಿದವರು ಯಾರು, ಸಭೆ ಮುಗಿಸಿ ಹೊತ್ತು ಮೀರಿ ಬಂದ ಹತ್ತು ಮಂದಿಗೆ ಗಂಜಿಯನ್ನೋ ಅನ್ನವನ್ನೋ ಬಡಿಸಿದವರು ಯಾರು ಎಂಬುದು ದಾಖಲಾಗುವುದಿಲ್ಲ. ನಮ್ಮ ಸೀಮೆಯ ಅಧ್ಯಾಪಕರ ಮನೆಗಳನ್ನು ಬಲ್ಲವರಿಗೆ ಉತ್ತರ ಗೊತ್ತಿದೆ. ಮಾಷ್ಟ್ರು ಊರಿನವರಾಗಬೇಕಾದರೆ ಮನೆಯೊಡತಿ ಮನೆಯನ್ನೂ ತೋಟವನ್ನೂ ಒಬ್ಬಳೇ ನಡೆಸಬೇಕಾಗಿತ್ತು. ನಮ್ಮ ಶಾಲೆಯ ವಯೋವೃದ್ಧ ಹಳೆ ವಿದ್ಯಾರ್ಥಿಗಳು ಈ ಸಂಚಿಕೆಗಾಗಿ ತಮ್ಮ ನೆನಪುಗಳನ್ನು ಹೇಳುವಾಗ ಹಲವರು ಒಂದೇ ಸಂಗತಿಗೆ ಬಂದು ನಿಂತರು. ಮಳೆಗಾಲದಲ್ಲಿ ತೋಡು ತುಂಬಿ ಸಂಕ ದಾಟಲಾಗದ ದಿನ ಆಚೆ ಬದಿಯ ಮಕ್ಕಳು ಮಾಷ್ಟ್ರ ಮನೆಯಲ್ಲಿಯೇ ಉಳಿಯುತ್ತಿದ್ದರು. ಅಲ್ಲಿ ಅವರಿಗೆ ಒಣ ಬಟ್ಟೆ, ಬಿಸಿ ಗಂಜಿ, ಹಲಸಿನ ಹಪ್ಪಳ, ಮಲಗಲು ಚಾಪೆ ದೊರೆಯುತ್ತಿದ್ದವು. ಮಾಷ್ಟ್ರು ಕಲಿಸಿದ ಪದ್ಯ ಮರೆತುಹೋಗಿದ್ದರೂ ಆ ಗಂಜಿಯ ರುಚಿ ಮರೆತಿಲ್ಲವೆಂದು ಅವರು ಹೇಳಿದರು. ಬಡಿಸಿದ ಅಮ್ಮನ ಹೆಸರು ಮಾತ್ರ ಒಬ್ಬರಿಗೂ ತಿಳಿದಿರಲಿಲ್ಲ. ಅವರೆಲ್ಲರಿಗೂ ಆಕೆ 'ಮಾಷ್ಟ್ರ ಮನೆಯ ಅಮ್ಮ'. ನಮ್ಮ ಶಾಲೆಯ ನೂರು ವರ್ಷಗಳ ಲೆಕ್ಕದಲ್ಲಿ ಆ ಅಮ್ಮಂದಿರ ದುಡಿತವನ್ನೂ ಸೇರಿಸಿಕೊಳ್ಳದಿದ್ದರೆ ಲೆಕ್ಕ ತಪ್ಪುತ್ತದೆ.

ಇನ್ನು ಗಡಿಯ ಮಾತು. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ವರದಿಯಲ್ಲಿ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಬೇಕೆಂದು ಸೂಚಿಸಿತು. 1956ರ ನವೆಂಬರ್ 1ರಂದು ಅದು ಕಾರ್ಯರೂಪಕ್ಕೆ ಬಂದಿತು. ಕನ್ನಡಿಗರೆಲ್ಲ ಏಕೀಕರಣದ ಹಬ್ಬವನ್ನಾಚರಿಸಿದ ದಿನ ನಮ್ಮ ಹಿರಿಯರ ಅಂಗಳದಲ್ಲಿ ದೀಪ ಉರಿಯಲಿಲ್ಲ. ಈ ನೋವಿಗೆ ನಾಲಗೆ ಕೊಟ್ಟವರು ಕಯ್ಯಾರರು. 'ಬೆಂಕಿ ಬಿದ್ದಿದೆ ಮನೆಗೆ' ಎಂಬ ಅವರ ಪ್ರಸಿದ್ಧ ಕವಿತೆಯ ಹೆಸರಿನಲ್ಲಿಯೇ ನಾಡು ಮನೆಯಾಗಿದೆ. ರಾಜಕೀಯದ ಒಂದು ಪ್ರಶ್ನೆಯನ್ನು ಅವರು ಸಂಸಾರಿಯ ಕಣ್ಣಿನಿಂದಲೇ ಕಂಡರು. 1957ರ ಕೇರಳದ ಪ್ರಥಮ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದುದು ಇಲ್ಲಿಯ ಜನಾಭಿಪ್ರಾಯಕ್ಕೆ ಸಾಕ್ಷಿಯಾಯಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಮರುವರ್ಷದ ತನ್ನ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ಆ ಶಿಫಾರಸು ಕಾಗದದಲ್ಲಿಯೇ ಉಳಿಯಿತು. ವಿಲೀನೀಕರಣದ ಹೋರಾಟದ ಮುಂಚೂಣಿಯಲ್ಲಿದ್ದ ಕಯ್ಯಾರರು ತಮ್ಮ ಜೀವಮಾನದಲ್ಲಿ ಅದು ನೆರವೇರುವುದನ್ನು ಕಾಣಲಿಲ್ಲ.

ಇಲ್ಲಿ ನಾವು ಒಂದು ಸರಳವಾದ ಲೆಕ್ಕವನ್ನು ಮುಂದಿಡಬಯಸುತ್ತೇವೆ. ನೂರು ವರ್ಷಗಳ ತಮ್ಮ ಆಯುಷ್ಯದಲ್ಲಿ ಕಯ್ಯಾರರು 1956ಕ್ಕಿಂತ ಮೊದಲು ಬಾಳಿದ್ದು 41 ವರ್ಷ. ಅನಂತರ ಬಾಳಿದ್ದು ಸುಮಾರು 59 ವರ್ಷ. ಆ 59 ವರ್ಷಗಳನ್ನು ಅವರು ಹೇಗೆ ಕಳೆದರೆಂಬುದೇ ನಮಗೆ ಮುಖ್ಯ. ಮಂಗಳೂರು ದೂರವಿರಲಿಲ್ಲ. ಹೆಸರಾಂತ ಕವಿಗೆ ಅಲ್ಲಿ ಸ್ಥಾನಮಾನಗಳಿಗೆ ಕೊರತೆಯಾಗುತ್ತಿರಲಿಲ್ಲ. ಅವರು ಮನೆ ಬಿಟ್ಟು ಹೋಗಲಿಲ್ಲ. ಯಾವ ರಾಜ್ಯಕ್ಕೆ ಸೇರುವುದು ಬೇಡವೆಂದು ಹೋರಾಡಿದರೋ ಅದೇ ರಾಜ್ಯದ ಶಾಲೆಯಲ್ಲಿ ಪಾಠ ಹೇಳಿದರು, ಅದೇ ರಾಜ್ಯದ ಪಂಚಾಯತನ್ನು ನಡೆಸಿದರು. 1969ರಲ್ಲಿ ಅತ್ಯುತ್ತಮ ಅಧ್ಯಾಪಕರಿಗೆ ಸಲ್ಲುವ ರಾಷ್ಟ್ರಪ್ರಶಸ್ತಿ ಅವರಿಗೆ ಬಂದಿತು. 1997ರಲ್ಲಿ ಮಂಗಳೂರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಬರಮಾಡಿಕೊಂಡಿತು. ಇಷ್ಟೇ ಅಲ್ಲ; ಮಲಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯಗಳನ್ನು ಕನ್ನಡಕ್ಕೆ ತಂದವರೂ ಅವರೇ. ತನ್ನ ಮನೆಯ ಹಕ್ಕಿಗಾಗಿ ನ್ಯಾಯ ಕೇಳುವವನು ನೆರೆಮನೆಯ ತುಳಸಿಗೆ ಕೈಮುಗಿಯಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹಕ್ಕಿನ ವಿಷಯದಲ್ಲಿ ಕದಲದೆ, ಸ್ನೇಹದ ವಿಷಯದಲ್ಲಿ ಸಂಕೋಚಪಡದೆ ಬಾಳುವುದು ಗಡಿನಾಡಿನವರು ಅವರಿಂದ ಕಲಿಯಬೇಕಾದ ಪಾಠ.

ಇತಿಹಾಸ ಬರೆಯುವವರು ನ್ಯಾಯವಾಗಿ ಮಾತಾಡಬೇಕು. ಕೇರಳದ ಶಿಕ್ಷಣ ಕಾಯಿದೆ 1959ರಲ್ಲಿ ಜಾರಿಗೆ ಬಂದ ಮೇಲೆ ಅನುದಾನಿತ ಶಾಲೆಗಳ ಅಧ್ಯಾಪಕರಿಗೆ ಸರಕಾರವೇ ನೇರವಾಗಿ ಸಂಬಳ ಕೊಡುವ ವ್ಯವಸ್ಥೆಯಾಯಿತು. ಕನ್ನಡ ಮಾಧ್ಯಮದ ಶಾಲೆಗಳಿಗೂ ಅದು ಆಧಾರವಾಯಿತು. ನಮ್ಮ ಶಾಲೆ ಉಳಿದುದರಲ್ಲಿ ಅದರ ಪಾಲೂ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರೆಯಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸಬಹುದೆಂಬ ಅವಕಾಶ 1969ರ ಕೇರಳ ರಾಜಭಾಷಾ ಕಾಯಿದೆಯಲ್ಲಿದೆ. ಆದರೆ ಕಾಯಿದೆಯ ಪುಸ್ತಕದಲ್ಲಿರುವುದೆಲ್ಲ ತರಗತಿಯ ಕೋಣೆಯವರೆಗೆ ನಡೆದು ಬರುವುದಿಲ್ಲ. ಕನ್ನಡ ಓದಲು ಬಾರದ ಅಧ್ಯಾಪಕರು ಕನ್ನಡ ಮಕ್ಕಳ ಮುಂದೆ ನಿಂತ ದಿನಗಳನ್ನು ಈ ಜಿಲ್ಲೆ ಕಂಡಿದೆ. 2017ರಲ್ಲಿ ಮಲಯಾಳ ಕಲಿಕೆಯ ಕಾಯಿದೆ ಬಂದಾಗ ಇಲ್ಲಿಯ ಕನ್ನಡಿಗರು ಮತ್ತೆ ಬೀದಿಗಿಳಿದದ್ದೂ ನಿನ್ನೆ ಮೊನ್ನೆಯ ಮಾತು. ಕಯ್ಯಾರರು ಬದುಕಿದ್ದರೆ ಅಂದೂ ಮೆರವಣಿಗೆಯ ಮುಂದೆ ಇರುತ್ತಿದ್ದರೆಂದು ಹಿರಿಯರು ಆಡಿಕೊಂಡರು.

ಇಷ್ಟೆಲ್ಲ ಹೇಳಿದ ಮೇಲೆ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಸಂಭ್ರಮದ ಸಂಚಿಕೆಯಲ್ಲಿ ಅದು ಬೇಕೇ ಎಂದು ನಮ್ಮಲ್ಲಿ ಚರ್ಚೆಯಾಯಿತು, ಬೇಕೆಂದೇ ತೀರ್ಮಾನಿಸಿದೆವು. ಕೇರಳದ ಶಾಲೆಗಳಲ್ಲಿ ಅಧ್ಯಯನ ವರ್ಷ ಆರಂಭವಾದ ಆರನೆಯ ಕೆಲಸದ ದಿನ ಮಕ್ಕಳ ಎಣಿಕೆ ನಡೆಯುತ್ತದೆ. ಆ ದಿನದ ಸಂಖ್ಯೆಯ ಮೇಲೆ ತರಗತಿಯ ವಿಭಾಗಗಳೂ ಅಧ್ಯಾಪಕರ ಹುದ್ದೆಗಳೂ ನಿರ್ಧಾರವಾಗುತ್ತವೆ. ಕೆಲವೇ ಮಕ್ಕಳು ಕಡಿಮೆಯಾದರೂ ಒಂದು ವಿಭಾಗ ಬಿದ್ದುಹೋಗುತ್ತದೆ. ಅದರೊಡನೆ ಒಂದು ಹುದ್ದೆಯೂ ಹೋಗುತ್ತದೆ. ಆ ವಾರದಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಕರು ಮಳೆಯಲ್ಲಿ ಕೊಡೆ ಹಿಡಿದು ಮನೆ ಮನೆಗೆ ನಡೆಯುವುದನ್ನು ಊರಿನವರೆಲ್ಲ ಕಂಡಿದ್ದಾರೆ. ಅಂಥ ಒಂದು ಮನೆಯ ಚಾವಡಿಯಲ್ಲಿ, ನಮ್ಮ ಹಳೆ ವಿದ್ಯಾರ್ಥಿನಿಯೇ ಆಗಿರುವ ತಾಯಿಯೊಬ್ಬರು ನಮ್ಮನ್ನು ಕುಳ್ಳಿರಿಸಿ, ಬೆಲ್ಲ ನೀರು ಕೊಟ್ಟು, ತುಂಬ ವಿನಯದಿಂದ ಒಂದು ಪ್ರಶ್ನೆ ಕೇಳಿದರು: "ಟೀಚರೇ, ನಿಮ್ಮ ಮಕ್ಕಳೆಲ್ಲ ಓದಿದ್ದು ಯಾವ ಮೀಡಿಯಂನಲ್ಲಿ?"

ನಮ್ಮಲ್ಲಿ ಕೆಲವರು ತಲೆ ತಗ್ಗಿಸಬೇಕಾಯಿತು. ಈ ಸಾಲುಗಳನ್ನು ಬರೆಯುತ್ತಿರುವ ಕೈಯೂ ಆ ಸಂಕೋಚದಿಂದ ಮುಕ್ತವಲ್ಲ. ಉದ್ಯೋಗ, ಮುಂದಿನ ಓದು, ನೆಂಟರಿಷ್ಟರ ಮಾತು ಮುಂತಾದ ಕಾರಣಗಳು ನಮಗೂ ಇದ್ದವು. ಆ ತಾಯಿಗೂ ಇದ್ದವು. ಅವು ಸುಳ್ಳು ಕಾರಣಗಳೆಂದು ನಾವು ಹೇಳಲಾರೆವು. ಆದರೆ ಮನೆಯಲ್ಲಿ ಒಂದು, ವೇದಿಕೆಯಲ್ಲಿ ಇನ್ನೊಂದು ಎಂಬ ನಡತೆ ಭಾಷೆಯನ್ನು ಉಳಿಸುವುದಿಲ್ಲ ಎಂಬುದು ಆ ದಿನ ನಮಗೆ ಮನದಟ್ಟಾಯಿತು. ಕಯ್ಯಾರರ ಬದುಕಿನ ಬಲವಿದ್ದುದು ಇಲ್ಲಿಯೇ. ಅವರ ವೇದಿಕೆಯ ಮಾತಿಗೆ ಅವರ ಮನೆಯೇ ಜಾಮೀನು ನಿಂತಿತ್ತು.

ಪರಿಹಾರವೇನೆಂದು ಕೇಳಿದರೆ ನಮ್ಮಲ್ಲಿ ದೊಡ್ಡ ಯೋಜನೆಗಳಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇಂಗ್ಲಿಷಿನಲ್ಲಿಯೂ ಮಲಯಾಳದಲ್ಲಿಯೂ ಧೈರ್ಯವಾಗಿ ಮಾತಾಡಬಲ್ಲದು ಎಂಬುದನ್ನು ಶಾಲೆ ತೋರಿಸಿಕೊಡಬೇಕು. ಅದು ಅಧ್ಯಾಪಕರ ದುಡಿತ. ಆ ಮಗುವಿಗೆ ಮನೆಯಲ್ಲಿ ಒಂದು ಕನ್ನಡ ಪತ್ರಿಕೆ, ಒಂದು ಕಥೆ ಪುಸ್ತಕ, ಸಂಜೆಯ ಹೊತ್ತು ಅಜ್ಜಿಯ ಮಾತು ದೊರೆಯಬೇಕು. ಅದು ರಕ್ಷಕರ ದುಡಿತ. ಬೆಂಗಳೂರು, ಮುಂಬಯಿ, ಕೊಲ್ಲಿ ನಾಡುಗಳಲ್ಲಿ ನೆಲೆಸಿದ ಹಳೆ ವಿದ್ಯಾರ್ಥಿಗಳು ರಜೆಯಲ್ಲಿ ಬಂದಾಗ ಕಟ್ಟಡವನ್ನು ನೋಡಿ ಹೋಗದೆ ಒಂದು ಗಂಟೆ ತರಗತಿಯಲ್ಲಿ ಕುಳಿತು ಮಕ್ಕಳೊಡನೆ ಮಾತಾಡಬೇಕು. ಕನ್ನಡದಲ್ಲಿ ಓದಿದವರು ಎಲ್ಲಿಯವರೆಗೆ ಹೋಗಬಲ್ಲರೆಂದು ಮಕ್ಕಳು ಕಣ್ಣಾರೆ ಕಾಣಬೇಕು. ಅದು ಹಳೆ ವಿದ್ಯಾರ್ಥಿಗಳ ದುಡಿತ. ಸರಕಾರದಿಂದ ಪಡೆಯಬೇಕಾದ ಹಕ್ಕುಗಳನ್ನು ಒಟ್ಟಾಗಿ ಕೇಳೋಣ, ಕೇಳುತ್ತಲೇ ಇರೋಣ. ಶಾಲೆಯ ಬಾಗಿಲನ್ನು ತೆರೆದಿಡಲು ಹಕ್ಕು ಬೇಕು. ಆ ಬಾಗಿಲಿಗೆ ಮಗುವಿನ ಕೈಹಿಡಿದು ಕರೆತರುವುದು ಮನೆಯಿಂದಲೇ ಆಗಬೇಕು.

ಕಯ್ಯಾರರು 2015ರ ಜೂನ್ 8ರಂದು ನೂರು ವರ್ಷ ತುಂಬಿದರು. ಎರಡು ತಿಂಗಳ ಬಳಿಕ, ಆಗಸ್ಟ್ 9ರಂದು, ಬದಿಯಡ್ಕದ ತಮ್ಮ ಮನೆಯಲ್ಲಿ ಕಣ್ಮುಚ್ಚಿದರು. ಪ್ರತಿವರ್ಷ ಅವರ ಹುಟ್ಟುಹಬ್ಬ ಬರುವ ದಿನಗಳು ಶಾಲೆಯಲ್ಲಿ ಆರನೆಯ ದಿನದ ಎಣಿಕೆ ನಡೆಯುವ ದಿನಗಳ ಆಸುಪಾಸಿನಲ್ಲಿಯೇ ಇರುತ್ತವೆ. ಹೊರಗೆ ಜೂನ್ ತಿಂಗಳ ಜಡಿಮಳೆ. ಒಳಗೆ ಒದ್ದೆ ಕೊಡೆಗಳ ಸಾಲು, ಹೊಸ ಪುಸ್ತಕದ ವಾಸನೆ, ಒಂದನೆಯ ತರಗತಿಯ ಬಾಗಿಲಲ್ಲಿ ಅಮ್ಮನ ಸೆರಗು ಬಿಡದೆ ಅಳುವ ಮಗು. ಆ ಮಗುವಿನ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುವಾಗ ನಾವು ಕಯ್ಯಾರರನ್ನೂ, ಹೆಸರು ದಾಖಲಾಗದ ಆ ಮಾಷ್ಟ್ರ ಮನೆಯ ಅಮ್ಮಂದಿರನ್ನೂ ನೆನೆಯುತ್ತೇವೆ. ನೂರು ವರ್ಷಗಳ ಕಾಲ ಈ ಶಾಲೆಗೆ ಮಕ್ಕಳನ್ನು ಕಳುಹಿಸಿದ ಎಲ್ಲ ಮನೆಗಳಿಗೆ ನಮ್ಮ ನಮಸ್ಕಾರ. ಬರುವ ಜೂನ್ ತಿಂಗಳಲ್ಲಿಯೂ ನಾವು ಕೊಡೆ ಹಿಡಿದು ನಿಮ್ಮ ಚಾವಡಿಗೆ ಬರುತ್ತೇವೆ. ಆ ತಾಯಿ ಕೇಳಿದ ಪ್ರಶ್ನೆಯನ್ನು ನೀವೂ ಕೇಳಿರಿ. ತಲೆ ತಗ್ಗಿಸದೆ ಉತ್ತರಿಸಬಲ್ಲವರು ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚಲಿ ಎಂಬುದೇ ಈ ಶತಮಾನೋತ್ಸವದ ನಮ್ಮ ಹಾರೈಕೆ.